ಭಾವನಾಗಿ ಮಾರಿದ ಸ್ಕೂಟರ್

ಹೋದ ತಿಂಗಳು ಅಂಚೆಯಲ್ಲಿ ನನ್ನ ಹೆಸರಿಗೆ ಟ್ರಾಫಿಕ್ ಪೊಲೀಸರ ನೋಟಿಸ್ ಬಂತು. ಜೊತೆಗೊಂದು ಫೋಟೊ. ತುಮಕೂರಿನ ಟೌನ್‌ಹಾಲ್ ಸರ್ಕಲ್, ನನ್ನ ಸ್ಕೂಟರ್, ಅದರ ಮೇಲೆ ಮೂರು ಜನ. ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ.

ಆ ಸ್ಕೂಟರನ್ನು ನಾನು ಮಾರಿ ಎರಡು ತಿಂಗಳಾಗಿತ್ತು.

ಹೇಗೆ ಮಾರಿದೆ ಅನ್ನೋದನ್ನ ಹೇಳಿಬಿಡುತ್ತೇನೆ. ಯಾಕೆಂದರೆ ಈ ವಿಷಯದಲ್ಲಿ ತುಮಕೂರಿನ ನಮ್ಮ ಇಡೀ ಉಪ್ಪಾರಹಳ್ಳಿ ಬಡಾವಣೆಯಲ್ಲಿ ನನ್ನಷ್ಟು ಹುಷಾರಿನ ಮನುಷ್ಯ ಇನ್ನೊಬ್ಬನಿಲ್ಲ.

ಓದಿದ್ದು ಬೆಳ್ಳಾವಿ ಹತ್ತಿರದ ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಆದರೂ ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ್ದು ನಾನೇ, ಫೋಟೊ ತೆಗೆದಿದ್ದೂ ನಾನೇ. ಗೀರು ಬಿದ್ದ ಕಡೆ ಸ್ವಲ್ಪ ನೆರಳು ಬೀಳುವ ಹಾಗೆ ನಿಂತುಕೊಂಡಿದ್ದೆ, ಅದು ಬೇರೆ ಮಾತು.

ಮೊದಲು ಫೋನ್ ಮಾಡಿದವನು ತಾನು ಮಿಲಿಟರಿಯಲ್ಲಿದ್ದೇನೆ ಅಂದ. ಗಾಡಿ ನೋಡುವುದೇ ಬೇಡವಂತೆ, ಕೇಳಿದ ರೇಟಿಗೇ ಒಪ್ಪಿಗೆಯಂತೆ. ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಗೆ ಬರುತ್ತದೆ ಅಂದ.

ದುಡ್ಡು ಬರೋಕೆ ಪಿನ್ ಯಾಕಪ್ಪಾ? ಪಿನ್ ಒತ್ತಿದರೆ ಹೋಗುವುದೇ ಹೊರತು ಬರುವುದಿಲ್ಲ.

ಆದರೂ ಅವನನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, "ಸ್ಕ್ಯಾನ್ ಮಾಡ್ತಾನೇ ಇದೀನಿ ಸಾರ್, ಬರೀ ಅಮಾವಾಸ್ಯೆ ತೋರಿಸ್ತೈತೆ" ಅಂತ ಅರ್ಧ ಗಂಟೆ ಆಟ ಆಡಿಸಿದೆ. ಕೊನೆಗೆ ಅವನೇ, "ಅಂಕಲ್, ನಿಮ್ಮ ಕೈಲಿ ಆಗಲ್ಲ, ಬಿಡಿ" ಅಂತ ಫೋನ್ ಇಟ್ಟ.

ಎರಡನೆಯವನು ಕುಣಿಗಲ್ಲಿನ ಪರಮೇಶ. ಇವನ ಹತ್ತಿರವೂ ನನ್ನದು ಕಟ್ಟುನಿಟ್ಟೇ. ಹಗಲು ಹೊತ್ತು ಬರಬೇಕು, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೇ ಬರಬೇಕು, ಆಧಾರ್ ತರಬೇಕು.

ಬಂದ. ಆಧಾರ್ ತೋರಿಸಿದ. ಗಾಡಿ ಓಡಿಸಿ ನೋಡಿ ದುಡ್ಡು ಹಾಕಿದ, ಖಾತೆಗೆ ಬಂದದ್ದನ್ನು ನಾನು ಎರಡು ಸಲ ನೋಡಿಕೊಂಡೆ. ಇನ್ನು ಉಳಿದದ್ದು ಗಾಡಿಯನ್ನು ಅವನ ಹೆಸರಿಗೆ ಮಾಡಿಸುವ ಆರ್‌ಟಿಒ ಫಾರಂ. ಇಬ್ಬರೂ ಸಹಿ ಹಾಕಬೇಕು. ಅದೂ ನನ್ನ ಜೇಬಿನಲ್ಲಿ ರೆಡಿ ಇತ್ತು.

ಕಾಫಿ ಬರುವುದರೊಳಗೆ ಸುಮ್ಮನೆ ಕೂರಲಾರದೆ ಒಂದು ಮಾತು ಕೇಳಿದೆ. "ಗುಬ್ಬಿ ಕಡೆ ನಿಮ್ಮೋರು ಯಾರಾದ್ರೂ ಅವ್ರಾ?"

"ನಮ್ ಚಿಕ್ಕಪ್ಪನ ಸೊಸೆ ಗುಬ್ಬಿಯೋರೇ. ತೆಂಗಿನಕಾಯಿ ಮಂಡಿ ರುದ್ರಣ್ಣನ ಮಗಳು."

ಮಂಡಿ ರುದ್ರಣ್ಣ ಅಂದರೆ ನನ್ನ ಹೆಂಡತಿ ಗಿರಿಜೆಯ ಸ್ವಂತ ಸೋದರಮಾವ. ಅದನ್ನು ಹೇಳಿಯೇಬಿಟ್ಟೆ.

"ಹಂಗಾದ್ರೆ ನೀವು ನಮ್ಗೆ ಭಾವ ಆಗ್ಬೇಕು ಬುಡಿ" ಅಂದ ಪರಮೇಶ.

ಭಾವ ಆದ ಮೇಲೆ ಜೇಬಿನಿಂದ ಕಾಗದ ತೆಗೆದು ಸಹಿ ಹಾಕು ಅನ್ನೋಕಾಗುತ್ತಾ? ನಮ್ಮ ಕಡೆ ನೆಂಟನ ಮುಂದೆ ಪೆನ್ನು ಇಟ್ಟರೆ ಅವನನ್ನು ನಂಬಲಿಲ್ಲ ಅಂತಲೇ ಅರ್ಥ. ಕಾಫಿಯ ದುಡ್ಡು ನಾನೇ ಕೊಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಳಿಸಿಕೊಟ್ಟೆ.

ಈಗ ಈ ನೋಟಿಸ್...

ಅದನ್ನು ಹಿಡಿದು ಸ್ಟೇಷನ್ನಿಗೆ ಹೋದೆ. ಫೈನ್ ಕಟ್ಟಿಸಿಕೊಂಡ ಹೆಡ್ ಕಾನ್‌ಸ್ಟೇಬಲ್, "ಗಾಡಿ ಇನ್ನೂ ನಿಮ್ ಹೆಸ್ರಲ್ಲೇ ಐತೆ ಯಜಮಾನ್ರೇ. ಇನ್ಶೂರೆನ್ಸ್ ಬೇರೆ ಮುಗೀತಾ ಬಂದೈತೆ. ನಾಳೆ ಯಾರಿಗಾದ್ರೂ ಗುದ್ದಿದ್ರೆ ಕೋರ್ಟಿಗೆ ಅಲೆಯೋರು ನೀವೇ" ಅಂದ.

ಮಾರನೇ ಬೆಳಿಗ್ಗೆಯೇ ಫಾರಂ ಜೇಬಿಗಿಟ್ಟುಕೊಂಡು ಕುಣಿಗಲ್ ಬಸ್ ಹತ್ತಿದೆ.

ಪರಮೇಶನ ತಾಯಿ, "ಅಳಿಯಂದ್ರು ಮೊದಲ್ನೇ ಸಲ ಬಂದವ್ರೆ" ಅಂತ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟೇಬಿಟ್ಟರು. ಪರಮೇಶನ ಪಕ್ಕ ಊಟಕ್ಕೆ ಕೂತು ನಾನು ಜೇಬಿಗೆ ಕೈ ಹಾಕಿದಾಗಲೆಲ್ಲ ಎಲೆಗೆ ಇನ್ನೊಂದು ಒಬ್ಬಟ್ಟು ಬೀಳುತ್ತದೆ.

ತುಪ್ಪ ಬಡಿಸುತ್ತಾ ಆ ತಾಯಿ, "ನಿಮ್ ಗಾಡಿ ಬಲು ಗಟ್ಟಿ ಕಣಪ್ಪ. ಮೊನ್ನೆ ನನ್ ಕಣ್ಣು ತೋರ್ಸಕ್ಕೆ ಮೂರು ಜನಾನೂ ತುಮಕೂರಿಗೆ ಅದ್ರಲ್ಲೇ ಹೋಗ್ಬಂದ್ವಿ" ಅಂದರು.

ಫೋಟೊದಲ್ಲಿ ಮಧ್ಯೆ ಕೂತಿದ್ದವರು ಇವರೇ.

ಫೈನಿನ ವಿಷಯ ಎತ್ತಲಿಲ್ಲ. ಎತ್ತೋದು ಹೇಗೆ, ಬಾಯಿ ತುಂಬ ಅವರದೇ ಒಬ್ಬಟ್ಟು.

ಸಂಜೆ ಎರಡು ಕುಂಬಳಕಾಯಿ ಮತ್ತು ಸಹಿಯಿಲ್ಲದ ಫಾರಂ ಸಮೇತ ಮನೆಗೆ ಬಂದೆ. ಗಿರಿಜೆ ಕುಂಬಳಕಾಯಿ ನೋಡಿದಳು, ಫಾರಂ ನೋಡಿದಳು.

"ಆ ಮಿಲಿಟ್ರಿಯೋನಿಗೇ ನೀರು ಕುಡಿಸ್ದೋರು, ಒಬ್ಬಟ್ಟು ಕಂಡು ಮಗುಚ್ಕೊಂಡ್ರಲ್ಲ ರೀ."

ಅವಳೇ ಫೋನ್ ಮಾಡಿ ಪರಮೇಶನನ್ನು ಭಾನುವಾರದ ಊಟಕ್ಕೆ ಕರೆದಳು. ಊಟವಾಯಿತು. ಎಲೆ ಅಡಿಕೆ ತಟ್ಟೆ ತಂದು ಅವನ ಮುಂದಿಟ್ಟಳು. ಎಲೆ, ಅಡಿಕೆ, ಬಾಳೆಹಣ್ಣು, ಪಕ್ಕದಲ್ಲಿ ಫಾರಂ, ಅದರ ಮೇಲೆ ಪೆನ್ನು.

ನಾನು ಫ್ಯಾನ್ ನೋಡುತ್ತಾ ಕೂತೆ.

ಪರಮೇಶ ಪೆನ್ನು ಮುಟ್ಟಲಿಲ್ಲ. ಮುಖ ಕೆಂಪಗಾಯಿತು. ಮುಗೀತು, ಗುಬ್ಬಿಯ ನೆಂಟಸ್ತಿಕೆ ಇವತ್ತಿಗೆ ಮುಗೀತು ಅಂದುಕೊಂಡೆ.

ಅವನು ನಿಧಾನವಾಗಿ ತನ್ನ ಅಂಗಿಯ ಜೇಬಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು ತಟ್ಟೆಯಲ್ಲಿಟ್ಟ. ಅದೂ ಅದೇ ಫಾರಂ. ಮಡಿಕೆಯೆಲ್ಲ ಸವೆದುಹೋಗಿತ್ತು.

"ಗಾಡಿ ತಗೊಂಡ ದಿನಾನೇ ತಂದಿದ್ದೆ ಅಕ್ಕ. ಭಾವನ ಹತ್ರ ಸಹಿ ಕೇಳೋದು ಹೆಂಗೆ ಅಂತ ಸುಮ್ಕಾದೆ. ಗಾಡಿ ನನ್ ಹೆಸ್ರಲ್ಲಿಲ್ವಲ್ಲ ಅಂತ ದಿನಾ ಹೆದ್ರುಕೊಂಡೇ ಓಡಿಸ್ತಾ ಇದೀನಿ."

ಗಿರಿಜೆ ನಮ್ಮಿಬ್ಬರ ಮುಖವನ್ನೂ ನೋಡಿ, "ಸೈನ್ ಹಾಕಿ, ಇಬ್ರೂ" ಅಂದಳು.

ಹಾಕಿದೆವು. ಸೋಮವಾರ ಜೊತೆಯಲ್ಲೇ ಆರ್‌ಟಿಒ ಆಫೀಸಿಗೆ ಹೋಗಿ ಕೊಟ್ಟು ಬಂದೆವು. ಫೈನಿನ ಮಾತು ಮಾತ್ರ ಇನ್ನೂ ಎತ್ತಿಲ್ಲ.

ಈಗ ಹಳೇ ಫ್ರಿಜ್ಜನ್ನು ಮಾರಾಟಕ್ಕೆ ಹಾಕಿದ್ದೇನೆ. ಕೊಳ್ಳಲು ಬರುವವರಲ್ಲಿ ನನ್ನದು ಒಂದೇ ಕೋರಿಕೆ: ವ್ಯವಹಾರ ಮುಗಿಯುವವರೆಗೆ ದಯವಿಟ್ಟು ನಿಮ್ಮ ಊರು ಯಾವುದು ಅಂತ ಹೇಳಬೇಡಿ.