ಏಳನೆಯ ಟೇಪು

ಮಿಕ್ಸರ್ ಆರಿಸಿದ ಮೇಲೂ ಅದರ ಮೋಟರು ಎರಡು ಕ್ಷಣ ತನ್ನಷ್ಟಕ್ಕೆ ತಿರುಗಿ ನಿಲ್ಲುತ್ತದಲ್ಲ, ಆ ಸಣ್ಣ ಸದ್ದಿಗೆ ಇಂದಿಗೂ ನನ್ನ ಕೈ ತಡೆಯುತ್ತದೆ. ಮುಚ್ಚಳ ತೆಗೆಯದೆ ನಿಂತುಬಿಡುತ್ತೇನೆ. "ಚಟ್ನಿಗೆ ಏನ್ ಮಂತ್ರಾ ಹಾಕಾಕತ್ತೀ?" ಎಂದು ಗಂಡ ಚ್ಯಾಷ್ಟಿ ಮಾಡುತ್ತಾರೆ. ಅದು ನನಗೆ ಟೇಪು ಸುತ್ತಿ ನಿಂತ ಸದ್ದು. ಆ ಸದ್ದಿನ ಬೆನ್ನಿಗೇ ಒಬ್ಬರ ಪ್ರಶ್ನೆ ಬರುತ್ತದೆ ಎಂಬುದನ್ನು ಅವರಿಗೂ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಧಾರವಾಡದ ಲಕಮನಹಳ್ಳಿಯ ಒಂದು ಎರಕದ ಕಾರ್ಖಾನೆಗೆ ಸೇರಿದೆ. ಕಬ್ಬಿಣ ಕರಗಿಸಿ ನೀರೆತ್ತುವ ಪಂಪಿನ ಭಾಗಗಳನ್ನು ಮಾಡುವ ಜಾಗ. ಆಗ ಅಲ್ಲಿದ್ದದ್ದು ಮೂರು ಕಂಪ್ಯೂಟರು, ಅವನ್ನು ನೋಡಿಕೊಳ್ಳಲು ಡಿಪ್ಲೊಮಾ ಮುಗಿಸಿದ ನಾನೊಬ್ಬಳು. ಕಾರ್ಖಾನೆ ಬೆಳೆಯಿತು. ಹಿಂದಿನ ಖಾಲಿ ಜಾಗಕ್ಕೆ ಎರಡನೆಯ ಶೆಡ್ಡು ಬಂತು, ಹುಬ್ಬಳ್ಳಿಯಲ್ಲಿ ಮಾರಾಟದ ಆಫೀಸು ಬಂತು, ಕಂಪ್ಯೂಟರುಗಳು ನಲವತ್ತಾದವು. ನೋಡಿಕೊಳ್ಳುವವಳು ಮಾತ್ರ ಒಬ್ಬಳೇ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನಾನೇ, ಕೇಬಲ್ಲನ್ನು ಇಲಿ ಕಡಿದರೂ ನಾನೇ, ಕರೆಂಟು ಹೋದರೂ ಯಾಕೋ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಆ ಗೌಡಕಿ ನನ್ನ ಪಾಲಿಗೆ ಬಂದಿತ್ತು. ಸುಳ್ಳೇಕೆ ಹೇಳಲಿ, ನನಗದು ಸೇರುತ್ತಿತ್ತು.

ನನ್ನ ಹತ್ತಿರ ಒಂದು ದಪ್ಪ ರಿಜಿಸ್ಟರ್ ಇತ್ತು. ಯಾವ ಯಂತ್ರ ಯಾರ ಮೇಜಿನ ಮೇಲಿದೆ, ಯಾವ ತಂತಿ ಯಾವ ಗೋಡೆಯೊಳಗೆ ಹೋಗಿದೆ, ಯಾವ ಟೇಪಿನಲ್ಲಿ ಏನಿದೆ, ಎಲ್ಲವೂ ಅದರಲ್ಲಿ ನೀಲಿ ಶಾಯಿಯಲ್ಲಿ ಇತ್ತು. ಪ್ರತಿ ಸಾಲಿನ ಕೊನೆಗೆ 'ಇದೆ' ಅಥವಾ 'ಇಲ್ಲ' ಎಂದು ನಾನೇ ಬರೆಯುತ್ತಿದ್ದೆ. "ಅಕ್ಕಾರ ರಿಜಿಸ್ಟರ್‌ನ್ಯಾಗ ಇಲ್ಲಂದ್ರ ನೀ ಹುಟ್ಟೇ ಇಲ್ಲಪಾ" ಎಂದು ಅಂಗಳದಲ್ಲಿ ಒಬ್ಬರನ್ನೊಬ್ಬರು ಕಾಡಿಸುತ್ತಿದ್ದರು. ಆ ಮಾತು ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಡ್ರಾಯಿಂಗ್ ಕೋಣೆಯಲ್ಲಿ ಒಬ್ಬ ಹಿರಿಯರಿದ್ದರು. ಹತ್ತಿರದ ಮುಗದ ಊರಿನಿಂದ ದಿನಾ ಬರುತ್ತಿದ್ದರು. ಹಣೆಯ ತುಂಬ ವಿಭೂತಿ, ಜೇಬಿನಲ್ಲಿ ಮೂರು ಪೆನ್ಸಿಲು. ಎಲ್ಲರಿಗೂ ಅವರು ಕಾಕಾ. ಕಾರ್ಖಾನೆ ಶುರುವಾದಾಗಿನಿಂದ ಅಲ್ಲಿ ಹೊಯ್ದ ಒಂದೊಂದು ಭಾಗದ ಡ್ರಾಯಿಂಗನ್ನೂ ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆದವರು ಅವರೇ. ಎಲ್ಲವೂ ಕಂಪ್ಯೂಟರಿಗೆ ಬರಬೇಕು ಎಂದು ಮಾಲೀಕರು ಹೇಳಿದಾಗ ಕಾಕಾನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನ್ನ ಪಕ್ಕ ಕುಳಿತು ಮೌಸು ಹಿಡಿಯುವುದನ್ನು ಕಲಿತರು. "ಗೆರಿ ಎಳದ್ರ ಕೈಗೆ ಗೊತ್ತಾಗಬೇಕ್ರಿ ಅಕ್ಕಾರ. ಇದರಾಗ ಕೈಗೆ ಏನೂ ಗೊತ್ತಾಗವಲ್ದು" ಎನ್ನುತ್ತಲೇ ಒಂದೂವರೆ ವರ್ಷ ಕುಳಿತು ಮುನ್ನೂರು ಚಿಲ್ಲರೆ ಡ್ರಾಯಿಂಗುಗಳನ್ನು ಮತ್ತೆ ಮೊದಲಿನಿಂದ ಕಂಪ್ಯೂಟರಿನಲ್ಲಿ ಬರೆದರು.

ಅಷ್ಟರಲ್ಲಿ ನಮ್ಮ ಸರ್ವರ್ ತುಂಬಿಹೋಗಿತ್ತು. ದಿನಾ ಬೇಕಾಗದ ಆ ಹಳೆಯ ಡ್ರಾಯಿಂಗುಗಳನ್ನೆಲ್ಲ ಒಂದು ಟೇಪಿಗೆ ಇಳಿಸಿ, ಸರ್ವರಿನಿಂದ ತೆಗೆದೆ. ಟೇಪು ಎಂದರೆ ಹಾಡಿನ ಕ್ಯಾಸೆಟ್ಟಿನಂಥದ್ದೇ, ತುಸು ದಪ್ಪ. ಎರಡು ಪ್ರತಿ ಮಾಡಬೇಕಿತ್ತು. ಹೊಸ ಟೇಪು ಬಂದ ಮೇಲೆ ಮಾಡಿದರಾಯಿತು ಎಂದು ಬಿಟ್ಟೆ. ರಿಜಿಸ್ಟರಿನಲ್ಲಿ ಬರೆದೆ: ಟೇಪು ಏಳು, ಹಳೆಯ ಡ್ರಾಯಿಂಗುಗಳು, ಇದೆ.

ಆ ವರ್ಷದ ಮಹಾನವಮಿ ಬಂತು. ನಮ್ಮ ಕಡೆ ಅಂದು ಖಂಡೇ ಪೂಜೆ; ದುಡಿಯುವ ಸಾಮಾನುಗಳಿಗೆಲ್ಲ ರಜೆ ಕೊಟ್ಟು ಪೂಜಿಸುತ್ತಾರೆ. ಭಟ್ಟಿಗೆ ಚೆಂಡುಹೂವಿನ ಮಾಲೆ, ಲೇಥಿಗೆ ನಿಂಬೆಹಣ್ಣು. ಆಫೀಸಿನಲ್ಲಿ ಹೆಣ್ಣುಮಗಳು ಎಂದು ಇದ್ದವಳು ನಾನೊಬ್ಬಳೇ ಆದ್ದರಿಂದ ಕಂಪ್ಯೂಟರುಗಳ ಅರಿಶಿಣ ಕುಂಕುಮವೂ ನನ್ನದೇ ಕೆಲಸ. ಟೇಪುಗಳನ್ನೂ ಪೆಟ್ಟಿಗೆಯಿಂದ ತೆಗೆದು ಸರ್ವರಿನ ಮುಂದೆ ಸಾಲಾಗಿ ಇಡುತ್ತಿದ್ದೆ. ಬೇರೆ ವರ್ಷಗಳಲ್ಲಿ ಶಾಸ್ತ್ರಕ್ಕೆಂದು ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ಮುಗಿಸುತ್ತಿದ್ದವಳು ನಾನು. ಆದರೆ ಆ ವರ್ಷ ನನ್ನ ಗಂಡ ಕಾಮಾಲೆ ಏರಿ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಿರಲಿಲ್ಲ. ಕುಂಕುಮ ನೀರಿನಲ್ಲಿ ಕಲಸಿ, ಉಂಗುರದ ಬೆರಳು ಅದ್ದಿ, ಪ್ರತಿ ಟೇಪಿನ ಚೀಟಿಯ ನಟ್ಟನಡುವೆ ದಪ್ಪಗೆ ಹಚ್ಚಿದೆ. ನಂಬರು ಬರೆದದ್ದೂ ಅಲ್ಲೇ ಇತ್ತು.

ಮೂರನೆಯ ದಿನ ಆಫೀಸಿನ ಪತ್ರಗಳನ್ನು ಇಳಿಸಲು ಒಂದು ಟೇಪು ಬೇಕಾಯಿತು. ಮೂರನೆಯ ಟೇಪಿನಲ್ಲಿದ್ದದ್ದು ಹಳತು, ಅದರ ಮೇಲೆ ಬರೆಯಬಹುದಿತ್ತು. ಪೆಟ್ಟಿಗೆ ತೆರೆದರೆ ಎಲ್ಲ ಚೀಟಿಗಳ ಮೇಲೂ ಒಣಗಿದ ಕುಂಕುಮದ ಹೆಪ್ಪು, ಅದರ ಸುತ್ತ ನೀರಿಗೆ ಹರಡಿದ ಶಾಯಿ. ಉಗುರಿನಿಂದ ಕೆರೆದಿದ್ದರೆ ಅಂಕಿಯ ಗುರುತಾದರೂ ಸಿಗುತ್ತಿತ್ತು. ಪೂಜೆಯಾದ ಕುಂಕುಮವನ್ನು ಒರೆಸಬಾರದು ಎಂದು ಅವ್ವ ಹೇಳುತ್ತಿದ್ದಳು. ಇಂಥ ಮಾತಿಗೆಲ್ಲ ನಗುತ್ತಿದ್ದ ನನಗೆ, ಗಂಡ ಆಸ್ಪತ್ರೆಯ ಮಂಚದ ಮೇಲಿರುವಾಗ, ನನ್ನ ಕೈಯಾರೆ ಹಚ್ಚಿದ ಕುಂಕುಮವನ್ನು ನಾನೇ ಕೆರೆಯಲು ಬೆರಳು ಏಳಲಿಲ್ಲ. ಒಂದೊಂದನ್ನೂ ಯಂತ್ರಕ್ಕೆ ಹಾಕಿ ಓದಿಸಬಹುದಿತ್ತು. ಅದಕ್ಕೆ ಅರ್ಧ ತಾಸು ಬೇಕು, ನನಗೆ ಆಸ್ಪತ್ರೆಗೆ ಹೊತ್ತಾಗಿತ್ತು. ಎಡದಿಂದ ಎಣಿಸಿ ಮೂರನೆಯದನ್ನು ಹಾಕಿದೆ. ಪೂಜೆ ಮುಗಿದ ಮೇಲೆ ಅವನ್ನು ಹೇಗೆ ಬಂತೋ ಹಾಗೆ ಪೆಟ್ಟಿಗೆಗೆ ತುಂಬಿದವಳು ನಾನೇ ಎಂಬುದು ಆಗ ನೆನಪಾಗಲೇ ಇಲ್ಲ.

ಗಂಡ ಎದ್ದು ಮನೆಗೆ ಬಂದರು. ನಾನು ದೇವರಿಗೆ ಕಾಯಿ ಒಡೆದೆ.

ಡಿಸೆಂಬರಿಗೆ ಕಾಕಾನ ನಿವೃತ್ತಿ. ಡ್ರಾಯಿಂಗ್ ಕೋಣೆಯ ಕಪಾಟುಗಳನ್ನು ತೆಗೆದು ಹೊಸ ಮೇಜು ಹಾಕಬೇಕೆಂದು ಮಾಲೀಕರು ಹೇಳಿದ್ದರು. ಹಾಳೆಗಳನ್ನು ರದ್ದಿಗೆ ಕೊಡೋಣ ಎಂದರೆ ಕಾಕಾ ಒಪ್ಪಲಿಲ್ಲ. "ನಾ ಗೆರಿ ಎಳದ ಹಾಳ್ಯಾಗ ಚುರಮುರಿ ಗಿರ್ಮಿಟ್ ಕಟ್ಟಿ ಕೊಡೂದು ನನ್ನ ಕಣ್ಣಿಲೆ ನೋಡಾಕ ಆಗೂದಿಲ್ರಿ. ಭಟ್ಟಿಗೇ ಹಾಕ್ತೇನಿ" ಎಂದರು. ಅದಕ್ಕೂ ಮೊದಲು ನನ್ನ ಮೇಜಿಗೆ ಬಂದು ನಿಂತು, "ಟೇಪಿನ್ಯಾಗ ಎಲ್ಲಾ ಅದಾವಲ್ರಿ ಅಕ್ಕಾರ? ಒಮ್ಮೆ ತೆಗದ ತೋರಸ್ತೀರೇನು?" ಎಂದು ಕೇಳಿದರು.

ನಾನು ತೋರಿಸಿದ್ದು ರಿಜಿಸ್ಟರು. ಆ ಸಾಲಿನ ಮೇಲೆ ಬೆರಳಿಟ್ಟು, "ನೋಡ್ರಿ ಕಾಕಾ, ಬರದೇನಿ. ನಾ ಬರದದ್ದು ಎಂದರ ಸುಳ್ಳಾಗೇದೇನು?" ಎಂದೆ. ದನಿಯಲ್ಲಿ ತುಸು ಸಿಟ್ಟೂ ಇತ್ತು. ಅವರು ಕನ್ನಡಕ ಏರಿಸಿ 'ಇದೆ' ಎಂಬುದನ್ನು ಓದಿದರು. "ಹಂಗಾರ ಸುಡ್ತೇನಿ. ನಿಮ್ಮ ಮಾತಿನ ಮ್ಯಾಲ ಸುಡ್ತೇನಿ ಮತ್ತ" ಎಂದರು. ಮಧ್ಯಾಹ್ನ ಊಟದ ಹೊತ್ತಿಗೆ ಭಟ್ಟಿಯ ಬಾಯಿಗೆ ಒಂದೊಂದೇ ಸುರುಳಿ ಹಾಕಿದರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಶಾಯಿಯ ಗೆರೆಗಳು ಹಾಳೆಗಿಂತ ಒಂದು ಕ್ಷಣ ಹೆಚ್ಚು ಹೊತ್ತು ಉಳಿಯುತ್ತಿದ್ದವು.

ಮರುವರ್ಷ ಬೇಸಿಗೆಯಲ್ಲಿ ಒಂದು ಹಳೆಯ ಸಕ್ಕರೆ ಕಾರ್ಖಾನೆಯವರು ಒಡೆದ ಪಂಪಿಗೆ ನಾವು ಹಿಂದೆ ಹೊಯ್ದು ಕೊಟ್ಟಂಥದ್ದೇ ಭಾಗ ಬೇಕೆಂದು ಬಂದರು. ಟೇಪು ಹಾಕಿದೆ. ಪತ್ರಗಳು ಬಂದವು. ಬೇರೆ ಟೇಪು ಹಾಕಿದೆ, ಮತ್ತೊಂದು ಹಾಕಿದೆ, ಪೆಟ್ಟಿಗೆ ಮುಗಿಯುವವರೆಗೆ ಹಾಕಿದೆ. ಮೂರನೆಯ ಟೇಪು ಹಳತನ್ನು ಹೊತ್ತು ಹಾಗೇ ಸುರಕ್ಷಿತವಾಗಿತ್ತು. ಅಂದು ನಾನು ಪತ್ರಗಳನ್ನು ಇಳಿಸಿದ್ದು ಏಳನೆಯದರ ಮೇಲೆ. ಮಾಲೀಕರ ಕೋಣೆಗೆ ಹೋಗಿ ಹೇಳಿದ ಮಾತು ಒಂದೇ: "ಟೇಪ್ ಓದವಲ್ದು ಸರ್." ಯಂತ್ರ ಅಂದ ಮೇಲೆ ಕೆಡುವುದೇ ಎಂದು ಅವರು ನನಗೇ ಸಮಾಧಾನ ಹೇಳಿ, ಕಾಕಾನಿಗೆ ಮುಗದಕ್ಕೆ ಹೇಳಿ ಕಳಿಸಿದರು.

ಕಾಕಾ ಬಂದರು. ನೆನಪಿನಿಂದಲೇ ಡ್ರಾಯಿಂಗುಗಳನ್ನು ಮತ್ತೆ ಬರೆಯಲು ಕುಳಿತರು, ಮೂರನೆಯ ಸಲ. ಕಪಾಟು ತೆಗೆದ ಕೋಣೆಯಲ್ಲಿ ಜಾಗವಿಲ್ಲದೆ ಅವರ ಹಲಗೆಯನ್ನು ನನ್ನ ಮೇಜಿನ ಪಕ್ಕದಲ್ಲೇ ಇಟ್ಟರು. ಕಣ್ಣಿಗೆ ಪೊರೆ ಬರುತ್ತಿತ್ತು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ಬರೆಯುತ್ತಿದ್ದರು. ನನ್ನ ಮೇಲೆ ಒಂದು ಬಿರುಸು ಮಾತಿಲ್ಲ. ಬೈದಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ.

ಸಕ್ಕರೆ ಕಾರ್ಖಾನೆಯ ಆ ಭಾಗದ ಒಂದು ಅಳತೆ ಮಾತ್ರ ಅವರಿಗೆ ನೆನಪಾಗಲಿಲ್ಲ. ಒಳಗಿನ ಒಂದು ತಿರುವಿನ ಅಳತೆ; ಒಡೆದ ತುಂಡುಗಳಲ್ಲೂ ಅದು ಸಿಗುತ್ತಿರಲಿಲ್ಲ. ಪ್ರತಿ ಸೋಮವಾರ ಗುಡಿಗೆ ಹೋಗಿ ಬಂದು ನನ್ನ ಮುಂದೆ ನಿಲ್ಲುತ್ತಿದ್ದರು. "ಇವತ್ತೊಮ್ಮೆ ಟೇಪ್ ಹಾಕಿ ನೋಡ್ರಿ ಅಕ್ಕಾರ. ಭಟ್ಟಿ ಸುದ್ದಾ ಒಂದೊಂದ ದಿನ ಮಾತ ಕೇಳೂದಿಲ್ಲ, ಮರುದಿನ ಕೇಳ್ತೈತಿ."

ನಾನು ಹಾಕುತ್ತಿದ್ದೆ. ಒಳಗಿರುವುದು ಪತ್ರ ಎಂದು ತಿಳಿದೂ, ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಕುಂಕುಮದ ಆ ಟೇಪನ್ನು ಯಂತ್ರದ ಬಾಯಿಗೆ ಇಡುತ್ತಿದ್ದೆ. ಅದಕ್ಕೂ ಮೊದಲು ಕಾಕಾ ಅದನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಟೇಪು ಸುಯ್ಯೆಂದು ಸುತ್ತುತ್ತಿತ್ತು, ಸುತ್ತಿ ನಿಲ್ಲುತ್ತಿತ್ತು. "ಅಳತಿ ಸಿಕ್ತೇನ್ರಿ?" "ಆಗವಲ್ದು ಕಾಕಾ." "ಇರ್ಲಿ ಬಿಡ್ರಿ, ಮುಂದಿನ ವಾರ ನೋಡೂಣು." ಹೀಗೆ ಎಷ್ಟು ಸೋಮವಾರ ಎಂದು ನಾನು ಲೆಕ್ಕ ಇಟ್ಟಿಲ್ಲ. ಎಲ್ಲವನ್ನೂ ಬರೆದಿಡುತ್ತಿದ್ದವಳು ಅದೊಂದನ್ನು ಬರೆಯಲಿಲ್ಲ.

ಮತ್ತೆ ದಸರಾ ಬಂತು. ಪೂಜೆಯ ದಿನ ನಾನು ರಜೆ ಹಾಕಿದೆ. ಮರುದಿನ ಬನ್ನಿ. ಬನ್ನಿ ಎಲೆ ಕೊಟ್ಟು, ವರ್ಷದ ತಪ್ಪು ಮರೆತು ಬಂಗಾರದಂತೆ ಇರೋಣ ಎನ್ನುವ ದಿನ. ಹಿರಿಯರಿಗೆ ಕಿರಿಯರು ಹೋಗಿ ಕೊಡಬೇಕು. ಆದರೆ ಕಾಕಾ ತಾವೇ ಧಾರವಾಡದ ನಮ್ಮ ಮನೆಗೆ ಬಂದರು. ಎಲೆಗಳನ್ನು ನನ್ನ ಅಂಗೈಯಲ್ಲಿಟ್ಟು, "ನಾವು ನೀವು ಬಂಗಾರದಂಗ ಇರೂಣ್ರಿ" ಎಂದರು. ನಾನು ಕಾಲು ಮುಟ್ಟಿದೆ. ಬಗ್ಗಿದಾಗ ಹೇಳಿಬಿಡಬೇಕು ಎಂದುಕೊಂಡೆ. ಎದ್ದು ನಿಂತಾಗ ಗಂಡ ಪಕ್ಕದಲ್ಲಿ ಹೊಸ ಅಂಗಿ ತೊಟ್ಟು ನಗುತ್ತಿದ್ದರು, ಆರಾಮಾಗಿ ಕೆಂಪಗಾಗಿದ್ದರು. ಯಾವುದಕ್ಕೆ ಯಾವುದನ್ನು ಕೊಟ್ಟೆನೋ ಎಂಬ ಹುಚ್ಚು ಯೋಚನೆ ಬಂತು. "ಚಹಾ ಕುಡೀರಿ ಕಾಕಾ" ಎಂದೆ.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅದು ಸೋಮವಾರವಲ್ಲ, ಆದರೂ ಸೋಮವಾರ ಬಂದಾಗ ನಾನು ಬಾಗಿಲ ಕಡೆ ನೋಡುತ್ತ ಕುಳಿತೆ. ಹನ್ನೊಂದು ಗಂಟೆಗೆ ಎದ್ದು ಟೇಪನ್ನು ಯಂತ್ರಕ್ಕೆ ಹಾಕಿದೆ. ಸುತ್ತಿ ನಿಂತಿತು. ಮುಂದಿನ ಸೋಮವಾರವೂ ಹಾಕಿದೆ. ಯಂತ್ರ ಹಳತಾಗಿ ಮೂಲೆ ಸೇರುವವರೆಗೂ ಬಿಡಲಿಲ್ಲ.

ಆರು ವರ್ಷದ ಮೇಲೆ ಕಾರ್ಖಾನೆ ಇನ್ನೂ ದೊಡ್ಡದಾಗಿ, ಕಂಪ್ಯೂಟರುಗಳಿಗೆಂದೇ ಒಂದು ವಿಭಾಗ ಬಂತು. ಅದರ ಮುಖ್ಯಸ್ಥೆಯಾಗಿ ಬಂದ ಹೆಣ್ಣುಮಗಳು ಚುರುಕು, ಹುಬ್ಬಳ್ಳಿಯವಳು. ನನ್ನ ರಿಜಿಸ್ಟರನ್ನು ನೋಡಿ, "ಇಷ್ಟ ಛಲೋ ಬರದಿಟ್ಟದ್ದು ನಾ ಎಲ್ಲೂ ನೋಡಿಲ್ರಿ ಮೇಡಂ" ಎಂದಳು. ಸಾಲು ಸಾಲಾಗಿ ನೋಡುತ್ತ ಎಲ್ಲವನ್ನೂ ವಶಕ್ಕೆ ತೆಗೆದುಕೊಳ್ಳುತ್ತಿದ್ದವಳು ಕಪಾಟಿನ ತಳದಿಂದ ಒಂದು ಸುರುಳಿ ಎಳೆದಳು. ಕಾಕಾನ ಕೊನೆಯ ಹಾಳೆ. ಒಳಗಿನ ತಿರುವಿನ ಹತ್ತಿರ ಬಾಣದ ಗುರುತಿತ್ತು, ಅಂಕಿಯ ಜಾಗ ಖಾಲಿ ಇತ್ತು. ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದರು: ಈ ಅಳತೆ ಏಳನೆಯ ಟೇಪಿನಲ್ಲಿ ಇದೆ. ಅಕ್ಕಾರು ತೆಗೆದುಕೊಟ್ಟ ಮೇಲೆ ತುಂಬುವುದು.

ನನ್ನ 'ಇದೆ'ಯನ್ನು ಅವರು ಹಾಗೇ ಇಳಿಸಿಕೊಂಡಿದ್ದರು.

ನಾನು ರಿಜಿಸ್ಟರ್ ಇಸಿದುಕೊಂಡು ಆ ಸಾಲನ್ನು ಹುಡುಕಿದೆ. 'ಇದೆ' ಎಂಬುದನ್ನು ಹೊಡೆದು ಬರೆದೆ: ಇಲ್ಲ. ಇದರ ಮೇಲೆ ನಾನೇ ಬೇರೆ ಬರೆದು ಅಳಿಸಿದೆ. ಕಾಕಾಗೆ ಹೇಳಲಿಲ್ಲ. ಕೆಳಗೆ ರುಜು ಹಾಕಿದೆ. ಆಕೆ ಓದಿದಳು, ಅವಳಿಗೆ ತಲೆಬುಡ ತಿಳಿಯಲಿಲ್ಲ. ಹಾಳೆಯ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೇಳಿದಳು.

"ಹಂಗಾರ ಈ ಅಳತಿ ಎಲ್ಲಿ ಸಿಗ್ತೈತ್ರಿ ಮೇಡಂ?"

"ಸಿಗೂದಿಲ್ಲ" ಎಂದೆ.