ಕೊಯ್ಯದೆ ಬಿಟ್ಟ ಬಿಳಿ ಗುಲಾಬಿ

ತರೀಕೆರೆಯ ಆ ಓಣಿಯಲ್ಲಿ ಶರೀಫುನ್ನೀಸಾ ಎಂದು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಬಿಳಿ ಗುಲಾಬಿಯವರ ಮನೆ ಎಂದರೆ ಸಾಕು, ಹಾಲಿನವನಿಂದ ಹಿಡಿದು ಗ್ಯಾಸ್ ಸಿಲಿಂಡರಿನವನವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಆಕೆಯ ಗಂಡ ವಜೀರ್ ಸಾಬ್ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುವವರು. ಲಕ್ಕವಳ್ಳಿಯಿಂದ ಅಜ್ಜಂಪುರದವರೆಗೆ ಸುಟ್ಟ ಮೋಟಾರೆಲ್ಲ ಅವರ ಕೈಗೇ ಬರುತ್ತದೆ, ಆದರೂ ಅವರ ವಿಳಾಸಕ್ಕೆ ಆ ಗಿಡವೇ ಗತಿ. "ಜೀವಮಾನವೆಲ್ಲಾ ತಾಮ್ರ ಸುತ್ತಿದೋನು ನಾನು, ಹೆಸರು ಬಂದಿದ್ದು ಮುಳ್ಳಿನ ಗಿಡಕ್ಕೆ" ಎಂದು ಅವರು ಗೊಣಗುವುದುಂಟು. ಗೊಣಗುತ್ತಲೇ ಅದರ ಬುಡದ ಕಳೆ ಕೀಳುವುದೂ ಉಂಟು.

ಗಿಡ ಬಂದದ್ದು ಶರೀಫುನ್ನೀಸಾಳ ತವರೂರಾದ ಕಡೂರಿನಿಂದ. ಮದುವೆಯಾದ ಹೊಸದರಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿದ್ದಳು. ಮೊದಲು ಪಡುವಣ ಗೋಡೆಯ ಪಕ್ಕ ನೆಟ್ಟಳು. ಇಳಿಹೊತ್ತಿನ ಬಿಸಿಲಿಗೆ ಬಿಳಿ ಮೊಗ್ಗಿನ ಅಂಚೆಲ್ಲ ಸೀದ ದೋಸೆಯ ಹಾಗೆ ಕಂದಿಹೋಗುತ್ತಿತ್ತು. ಕೊನೆಗೆ ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ ಮೂಡಣದ ಅಂಗಳಕ್ಕೆ ತಂದಳು. ಅಲ್ಲಿ ಬೆಳಗಿನ ಬಿಸಿಲು ಪೂರ್ತಿ, ಮಧ್ಯಾಹ್ನದ ಮೇಲೆ ಮನೆಯದೇ ನೆರಳು. ಗಿಡ ಅಲ್ಲಿ ಕಾಲೂರಿ, ಆಳೆತ್ತರದ ಪೊದೆಯಾಗಿ, ಗೊಂಚಲು ಗೊಂಚಲಾಗಿ ಮೊಗ್ಗು ಬಿಡತೊಡಗಿತು.

ಅದಕ್ಕೆ ಆಕೆ ಹಾಕುತ್ತಿದ್ದುದು ಅಂಗಡಿಯ ಗೊಬ್ಬರವಲ್ಲ. ಟೀ ಚರಟ, ಮೊಟ್ಟೆಯ ಸಿಪ್ಪೆ, ಶುಕ್ರವಾರದ ಮಾಂಸ ತೊಳೆದ ನೀರು. ಬಕ್ರೀದಿನ ಮರುದಿನ ಮೂಳೆಗಳೂ ಅದರ ಬುಡಕ್ಕೇ. "ನಮ್ಮನೆ ಮಗಳು, ನಾವು ತಿಂದಿದ್ದನ್ನೇ ತಿಂತಾಳೆ" ಎನ್ನುತ್ತಿದ್ದಳು. ಇನ್ನು ಹೂವಿನ ಮಾತು. ನಮ್ಮ ಕಡೆ ಗುಲಾಬಿಯನ್ನು ಗಿಡದಲ್ಲೇ ಅರಳಲು ಬಿಡುವ ಧಾರಾಳಿಗಳು ಯಾರಿದ್ದಾರೆ? ಅರಳಿದ್ದು ಜಡೆಯಲ್ಲಿ ನಿಲ್ಲುವುದಿಲ್ಲ, ದಾರಕ್ಕೆ ಬರುವುದಿಲ್ಲ. ಹಾಗಾಗಿ ಹೊತ್ತು ಮೂಡುವ ಮೊದಲೇ ಕತ್ತರಿ ಹಿಡಿದು ಮೊಗ್ಗುಗಳನ್ನೆಲ್ಲ ಇಳಿಸಿಬಿಡುತ್ತಿದ್ದಳು. ದರ್ಗಾದ ಹೂವಿನ ಚಾದರಕ್ಕೆ ಒಂದಷ್ಟು, ಓಣಿಯ ಹೆಣ್ಣುಮಕ್ಕಳ ಜಡೆಗೆ ಒಂದಷ್ಟು. ಇಷ್ಟು ವರ್ಷ ಸಾಕಿದವಳು ತನ್ನ ಗಿಡ ಮೈತುಂಬ ಅರಳಿ ನಿಂತದ್ದನ್ನು ಒಂದು ದಿನವೂ ಕಂಡಿರಲಿಲ್ಲ. ಕಂಡಿಲ್ಲ ಎಂಬುದು ಅವಳಿಗೆ ಹೊಳೆದೂ ಇರಲಿಲ್ಲ.

ಓಣಿಯ ಕೊನೆಯಲ್ಲಿ ಹುಲಿಗೆಮ್ಮನ ಮನೆ. ಬೇಸಾಯದವರು, ಹಟ್ಟಿಯಲ್ಲಿ ಎರಡು ಹಸು. ಹೊಲಕ್ಕೆ ಹೋಗುವಾಗ ಶರೀಫುನ್ನೀಸಾಳ ಗೇಟಿನ ಮುಂದೆ ನಿಂತು, ಒಂದು ಮೊಗ್ಗು ಮುಡಿಗೇರಿಸಿ, ಊರ ಸುದ್ದಿಯೆಲ್ಲ ಆಡಿ ಹೋಗದಿದ್ದರೆ ಇಬ್ಬರಿಗೂ ಬೆಳಗಾದಂತಿಲ್ಲ. ಈ ಬೇಸಿಗೆಯಲ್ಲಿ ಹುಲಿಗೆಮ್ಮನ ಗಂಡ ಈರಪ್ಪ ಹೊಲದಲ್ಲೇ ಎದೆ ಹಿಡಿದುಕೊಂಡು ಕುಸಿದುಬಿದ್ದ. ಶಿವಮೊಗ್ಗದ ಆಸ್ಪತ್ರೆಗೆ ಒಯ್ಯಲು ಗಾಡಿ ಹೊರಟಾಗ ಶರೀಫುನ್ನೀಸಾ ಓಡಿಬಂದಳು. ಕೈಯಲ್ಲಿದ್ದ ಮೊಗ್ಗನ್ನೇ ಗೆಳತಿಯ ಕೈಗಿಟ್ಟಳು. ಹುಲಿಗೆಮ್ಮ ಅದನ್ನು ಬಿಗಿಯಾಗಿ ಹಿಡಿದು ಐಸಿಯು ಬಾಗಿಲಲ್ಲಿ ಕೂತು, ಅಮೃತಾಪುರದ ಶಿವನಿಗೆ ಹರಕೆ ಹೊತ್ತಳು. ಗಂಡ ನಡೆದುಕೊಂಡು ಮನೆಗೆ ಬಂದರೆ ಕಾರ್ತೀಕದ ಕಡೆಯ ಸೋಮವಾರ ಇದೇ ಹೂವನ್ನು ಬುಟ್ಟಿ ತುಂಬ ಒಪ್ಪಿಸುತ್ತೇನೆ ಎಂದು.

ಈರಪ್ಪ ನಡೆದುಕೊಂಡೇ ಬಂದ.

"ಬುಟ್ಟಿ ತುಂಬ ಬೇಕು ಕಣಕ್ಕಾ, ನಿನ್ ಗಿಡದ್ದೇ ಆಗ್ಬೇಕು" ಎಂದಳು ಹುಲಿಗೆಮ್ಮ.

"ಒಂದಲ್ಲ, ಎರಡು ಬುಟ್ಟಿ ತಗೊಂಡ್ ಹೋಗೇ" ಎಂದಳು ಶರೀಫುನ್ನೀಸಾ. ಮಾತು ಕೊಟ್ಟಾಯಿತು.

ದಸರಾ ಕಳೆದ ವಾರ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿದಳು. ಸೊಸೆ ಉಮ್ಮೆ ಹಾನಿ ಹೌಹಾರಿದಳು. ಆದರೆ ಈಗ ಸವರಿದರೇನೇ ಕಾರ್ತೀಕದ ಕೊನೆಗೆ ಒಟ್ಟಿಗೆ ಮೊಗ್ಗಾಗುವುದು ಎಂಬುದು ಅತ್ತೆಯ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಕೆಂಪು ಚಿಗುರು ಬಂತು, ಚಿಗುರಿನ ತುದಿಯಲ್ಲಿ ಕಾಳು ಕಾಳು ಮೊಗ್ಗು ಕಂಡವು. ಒಂದು ಶುಕ್ರವಾರ ಎಂದಿನಂತೆ ಮಾಂಸ ತೊಳೆದ ನೀರಿನ ಪಾತ್ರೆ ಹಿಡಿದು ಗಿಡದ ಬುಡಕ್ಕೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಇದು ಶಿವನ ತಲೆಗೆ ಏರುವ ಹೂವಲ್ಲವೇ! ಹುಲಿಗೆಮ್ಮನ ಮನೆಯಲ್ಲೂ ಭಾನುವಾರ ಕೋಳಿ ಬೇಯುತ್ತದೆ, ಆದರೆ ಕಾರ್ತೀಕದಲ್ಲಿ ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ.

"ಹೇಳ್ದೇ ಇದ್ರೆ ಯಾರಿಗ್ ಗೊತ್ತಾಗುತ್ತೆ ಅಮ್ಮೀ?" ಎಂದಳು ಸೊಸೆ.

"ನಾಳೆ ನಿನ್ ತಟ್ಟೆಗೆ ಯಾರಾದ್ರೂ ಹರಾಮಿಂದು ಬಡಿಸಿ, ಹೇಳ್ದೇ ಸುಮ್ನಿದ್ರೆ?"

ಸೊಸೆ ಪಾತ್ರೆ ಇಸಿದುಕೊಂಡಳು. ನೀರನ್ನು ಮೋರಿಗೆ ಚೆಲ್ಲಿದ್ದಾಯಿತು. ಆದರೆ ಬೇರಿನ ಸುತ್ತ ಹೂತ ವರ್ಷ ವರ್ಷದ ಮೂಳೆಗಳನ್ನು ಏನು ಮಾಡುವುದು? ಹೇಳಿದರೆ ಗೆಳತಿಯ ಹರಕೆ ಕೆಡುತ್ತದೆ, ಮೇಲಾಗಿ ಈರಪ್ಪನ ಜೀವದ ಹರಕೆ. ಹೇಳದಿದ್ದರೆ ತಾನು ಮುಂದೆ ಆ ಮುಖ ನೋಡುವುದು ಹೇಗೆ? ಇವತ್ತು ನಾಳೆ ಎಂದು ದಿನ ತಳ್ಳಿದಳು. ಮೊಗ್ಗು ಬಲಿಯುತ್ತಾ ಬಂದವು. ಹರಕೆಯ ಹಿಂದಿನ ದಿನ, ಭಾನುವಾರ ಸಂಜೆ, ಇನ್ನು ತಡೆಯಲಾಗದೆ ಹುಲಿಗೆಮ್ಮನ ಹಟ್ಟಿಗೇ ಹೋಗಿ, ಹಾಲು ಕರೆಯುತ್ತಿದ್ದವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಲ್ಲವನ್ನೂ ಹೇಳಿದಳು.

ಹುಲಿಗೆಮ್ಮನ ಕೈ ಕೆಚ್ಚಲಿನ ಮೇಲೆ ನಿಂತಿತು.

"ಹರಕೆ ಹೊತ್ತಾಗ ಗೊತ್ತಿರ್ಲಿಲ್ಲ ಶರೀಫಕ್ಕಾ. ಈಗ ಗೊತ್ತಾಯ್ತು. ಗೊತ್ತಿದ್ದೂ ಇಟ್ರೆ ನನ್ ಮನ್ಸು ಒಪ್ಪಲ್ಲ ಕಣೇ. ಏನಾರ ಹೆಚ್ಚುಕಮ್ಮಿ ಆದ್ರೆ?" ಎಂದಳು. ಕೋಪವಿರಲಿಲ್ಲ, ಹೆದರಿಕೆಯಿತ್ತು.

"ನಮ್ಮಲ್ಲೂ ಹಂಗೇ ಕಣಮ್ಮಾ. ಅದ್ಕೇ ಹೇಳಿದ್ದು."

"ಪೇಟೇಲಿ ಬಿಳಿ ಸೇವಂತಿಗೆ ತಗೊಂತೀನಿ."

"ತಗೋ."

ಅಷ್ಟೇ ಮಾತು. ಶರೀಫುನ್ನೀಸಾ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಗೆಳತಿ ಬೇಡವೆಂದದ್ದು ಸರಿ ಎಂದು ಬುದ್ಧಿ ಹೇಳುತ್ತಿತ್ತು, ಕರುಳು ಕೇಳಬೇಕಲ್ಲ.

ಸೋಮವಾರ ನಸುಕಿಗೆ ಹುಲಿಗೆಮ್ಮ ಗೇಟಿನ ಮುಂದೆ ನಿಲ್ಲದೆ, ತಲೆ ತಗ್ಗಿಸಿಕೊಂಡು ಬಸ್ಸಿಗೆ ಹೋದಳು. ಶರೀಫುನ್ನೀಸಾ ಕತ್ತರಿ ತೆಗೆದುಕೊಂಡಳು, ಮತ್ತೆ ಮೊಳೆಗೇ ತೂಗುಹಾಕಿದಳು. ಕೊಡುತ್ತೇನೆಂದ ಹೂವನ್ನು ಇನ್ನೊಬ್ಬರಿಗೆ ಕೊಯ್ಯಲು ಕೈ ಬರಲಿಲ್ಲ. ಒಳಗೆ ಹೋಗಿ ಹೊಲಿಗೆ ಮಿಷಿನ್ನಿನ ಮುಂದೆ ಕೂತಳು.

ಬಿಸಿಲೇರಿದ ಮೇಲೆ ವಜೀರ್ ಸಾಬರ ಕೂಗು ಕೇಳಿತು. "ಅರೇ, ಬಾರೇ ಇಲ್ಲಿ! ಬೇಗ ಬಾ!"

ಏನು ಅನಾಹುತವೋ ಎಂದು ಓಡಿಬಂದವಳು ಮೆಟ್ಟಿಲ ಮೇಲೆಯೇ ನಿಂತಳು. ಗಿಡ ಕಾಣುತ್ತಿರಲಿಲ್ಲ. ಎಲೆ ಕಾಣುತ್ತಿರಲಿಲ್ಲ, ಮುಳ್ಳು ಕಾಣುತ್ತಿರಲಿಲ್ಲ. ನೆಲದಿಂದ ಎದೆಯೆತ್ತರಕ್ಕೆ ಬರೀ ಬಿಳುಪು. ಬೆರಳಿನ ತುದಿಯಷ್ಟಿದ್ದ ಮೊಗ್ಗುಗಳು ಅಂಗೈಯಗಲ ತೆರೆದುಕೊಂಡಿದ್ದವು. ಒಂದೊಂದರ ನಡುವೆಯೂ ಅರಿಸಿನ ಬಣ್ಣದ ಕೇಸರಗಳು. ಮೊಗ್ಗಿನಲ್ಲಿ ಎಂದೂ ಕಾಣದ ಆ ಹಳದಿಯನ್ನು ಆಕೆ ಇದೇ ಮೊದಲು ನೋಡುತ್ತಿದ್ದಳು. ಜೇನುನೊಣಗಳ ಮೊರೆತ ಅಂಗಳದ ತುಂಬ. ಇಷ್ಟು ವರ್ಷ ಈ ಗಿಡಕ್ಕೆ ವಾಸನೆ ಕಡಿಮೆ ಎಂದು ತಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳಲ್ಲ, ಈಗ ಆ ಪರಿಮಳ ಎದೆಗೆ ಬಂದು ಹಾಯಿತು.

"ಸುಬ್‌ಹಾನಲ್ಲಾ" ಎಂದಳು. ವಜೀರ್ ಸಾಬರು, ಎಂದೂ ಗೊಣಗದೆ ಇರದ ಮನುಷ್ಯ, ತಲೆಯ ಟೋಪಿ ಸರಿಮಾಡಿಕೊಂಡು ಸುಮ್ಮನೆ ನಿಂತಿದ್ದರು. ಸುದ್ದಿ ಹಬ್ಬಿ ಓಣಿಯವರೆಲ್ಲ ಬಂದರು. ದಿನಾ ಒಂದು ಮೊಗ್ಗಿಗೆ ಪೀಡಿಸುವ ಹುಡುಗಿಯರೂ ಅಂದು ಕೈ ಚಾಚಲಿಲ್ಲ. ಎಲ್ಲರೂ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರು.

ಸಂಜೆ ಹುಲಿಗೆಮ್ಮ ಅಮೃತಾಪುರದಿಂದ ಬಂದಳು. ತಲೆ ತಗ್ಗಿಸಿಯೇ ಹೋಗಬೇಕೆಂದಿದ್ದವಳು ಪರಿಮಳಕ್ಕೆ ತಲೆಯೆತ್ತಿದಳು. ಗೇಟಿನ ಹೊರಗೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಗಿಡಕ್ಕೆ ಎರಡೂ ಕೈ ಮುಗಿದಳು.

"ಏಯ್, ಗಿಡಕ್ಕ್ ಯಾಕೇ ಕೈ ಮುಗೀತೀಯ? ನಮ್ಮಲ್ಲಿ ಹಂಗೆಲ್ಲಾ ಮಾಡಲ್ಲ" ಎಂದಳು ಶರೀಫುನ್ನೀಸಾ ಗಾಬರಿಯಾಗಿ.

"ನಿಮ್ಮಲ್ಲಿ ಮಾಡ್ಬ್ಯಾಡಿ. ನಮ್ಮಲ್ಲಿ ಮಾಡ್ತೀವಿ."

ಇಬ್ಬರಿಗೂ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತರು. ಹುಲಿಗೆಮ್ಮ ಪ್ರಸಾದದ ಕಾಯಿಚೂರನ್ನು ಸೆರಗಿನಿಂದ ಬಿಚ್ಚಿ ಗೆಳತಿಯ ಮುಂದೆ ಹಿಡಿದು, ಒಂದು ಗಳಿಗೆ ಅನುಮಾನಿಸಿದಳು.

"ತಿಂತೀಯೋ ಇಲ್ವೋ?"

"ಪ್ರಸಾದ ಅಂತ ತಿನ್ನಂಗಿಲ್ಲ ಕಣೇ. ಬೇಜಾರ್ ಮಾಡ್ಕೋಬೇಡ."

"ಬ್ಯಾಡ ಬಿಡು. ನಿನ್ನೆ ನೀನು ಮುಚ್ಚಿಡ್ದಂಗೆ ಹೇಳ್ದೆ, ಇವತ್ತು ನಾನೂ ಕೇಳ್ದೆ" ಎಂದು ಹುಲಿಗೆಮ್ಮ ಅದನ್ನು ತಾನೇ ಬಾಯಿಗೆ ಹಾಕಿಕೊಂಡಳು.

"ಹರಕೆ ತೀರಿಸಿ ಬಂದ್ಯಾ?"

ಹುಲಿಗೆಮ್ಮ ಕಾಯಿ ಅಗಿಯುತ್ತಾ ಗಿಡವನ್ನೇ ನೋಡುತ್ತಿದ್ದಳು. "ಅಲ್ಲಿ ಸೇವಂತಿಗೆ ಇಟ್ಟು ತೀರ್ತು ಅನ್ಕೊಂಡು ಬಸ್ ಹತ್ತಿದ್ದೆ ಕಣಕ್ಕಾ. ತೀರಿದ್ದು ಇಲ್ಲಿಗ್ ಬಂದ್ಮೇಲೆ" ಎಂದಳು.