ಸಿದ್ದಮ್ಮನ ಕೈಗುಣ

ನಮ್ಮತ್ತೆ ಸಿದ್ದಮ್ಮನ ಕೈಗುಣ ಅಂದ್ರೆ ಅಕ್ಕೂರಿನ ಸುತ್ತ ನಾಲ್ಕೂರಿಗೂ ಗೊತ್ತಿತ್ತು. ಮೊಟ್ಟೆಯೊಡೆದ ರೇಷ್ಮೆಹುಳಾನ ಎರಡನೇ ಜ್ವರ ಏಳೋಗಂಟ ಸಾಕಿ ಕೊಡೋದು ಅವಳ ಕಸುಬು. ಹುಳ ಪೊರೆ ಬಿಡೋಕೆ ಮಲಗೋದನ್ನ ನಾವು ಜ್ವರ ಅಂತೀವಿ. ಆ ವಯಸ್ನಲ್ಲಿ ಅದು ಇರುವೆಗಿಂತ ಸಣ್ಣದು, ಉಸಿರು ಜೋರಾಗಿ ಬಿಟ್ರೂ ಹಾರೋಗುತ್ತೆ. "ಸಿದ್ದವ್ವ ಮುಟ್ಟಿದ್ ಹುಳ ಸಾಯಾಕಿಲ್ಲ" ಅನ್ನೋರು ಜನ. ಅವಳು ಸುಮ್ಕೆ ಸೆರಗು ಸರಿಮಾಡ್ಕೊಳ್ಳೋಳು. ಒಳಗೊಳಗೇ ಉಬ್ಬೋಗ್ತಿದ್ಲು, ನನಗೆ ಗೊತ್ತಿಲ್ವಾ?

ಎರಡು ಸಾವಿರದ ಐದರಲ್ಲಿ ಊರ ಹಿಂದಿನ ಗುಡ್ಡಕ್ಕೆ ಕಲ್ಲು ಒಡೆಯೋ ಕ್ರಷರ್ ಬಂತು. ಹಿಪ್ಪುನೇರಳೆ ಎಲೆ ಮೇಲೆಲ್ಲ ಬೂದಿ ಚೆಲ್ಲಿದಂಗೆ ಧೂಳು. ತೊಳೆದು ಹಾಕಿದ್ರೂ ಎರಡು ಬೆಳೆ ಹುಳ ಹೋದವು. ಜನ ಮರಿಹುಳಕ್ಕೆ ಬೇರೆ ಕಡೆ ಹೋಗೋಕೆ ಶುರು ಮಾಡಿದ್ರು. ಧೂಳಿನ ಮಾತು ಯಾರೂ ಎತ್ತಲಿಲ್ಲ. "ಸಿದ್ದವ್ವನ ಕೈ ಕೆಟ್ಟೋಯ್ತಂತೆ" ಅಂದ್ರು. ಅವತ್ತು ಅವಳು ಮುದ್ದೆ ಮುರೀಲಿಲ್ಲ.

ಮಾರನೇ ವರ್ಷ ಸ್ತ್ರೀಶಕ್ತಿ ಸಂಘದಲ್ಲಿ ಗಿರಿರಾಜ ಜಾತಿ ಕೋಳಿಮರಿ ಕೊಟ್ರು, ತಲೆಗೆ ಇಪ್ಪತ್ತು ಮರಿ. "ಹುಳ ಹೋದ್ರೋಗ್ಲಿ, ಕೈ ಐತಲ್ಲ, ಇವನ್ನ ಸಾಕಿ ತೋರಿಸ್ತೀನಿ" ಅಂದ್ಲು ಅತ್ತೆ. ಖಾಲಿ ಬಿದ್ದಿದ್ದ ಹುಳದ ಮನೆಗೆ ಬಲ್ಬು ಕಟ್ಟಿಸಿದ್ಲು. ಹುಳ ಸಾಕೋ ಬಿದಿರು ತಟ್ಟೆ ಇಳಿಸಿ, ಮರಿಹುಳಕ್ಕೆ ಹಾಸೋ ಮೇಣದ ಕಾಗದವನ್ನೇ ಹಾಸಿದ್ಲು. ಹುಳಕ್ಕೆ ಗಲೀಜು ಆಗಲ್ಲ ನೋಡಿ, ಅದೇ ಅಭ್ಯಾಸ. ದಿನಕ್ಕೆ ಮೂರು ಸಲ ಕಾಗದ ಬದಲಾಯಿಸೋಳು.

ಮೂರನೇ ದಿನಕ್ಕೆ ಒಂದು ಮರಿ ಹೊಟ್ಟೆ ಮೇಲೆ ಬಿದ್ದಿತ್ತು. ಒಂದು ಕಾಲು ಚನ್ನಪಟ್ಣದ ಕಡೆ, ಇನ್ನೊಂದು ಕನಕಪುರದ ಕಡೆ. ಸಂಜೆಗೆ ನಾಲ್ಕು ಹಂಗೇ ಆದವು. ಏಳೋಕಾಗದೆ, ನೀರಿನ ತಾವ ಹೋಗೋಕಾಗದೆ ಸಾಯೋಕೆ ಶುರುವಾದವು. ಅತ್ತೆ ಇನ್ನೂ ಹೆಚ್ಚಿಗೆ ಕಾಗದ ಬದಲಾಯಿಸಿದ್ಲು. ಆಮೇಲೆ ನನ್ನ ಕಡೆ ತಿರುಗಿದ್ಲು.

"ಭಾನಿ, ಮುಟ್ಟಾಗಿ ಒಳಿಕ್ಕೆ ಬಂದಿದ್ದೇನೇ?"

"ಇಲ್ಲ ಕಣತ್ತೆ, ನಿನ್ನಾಣೆ."

"ಸುಳ್ಳು ಬೊಗಳಬ್ಯಾಡ. ನನ್ ಕೈಯಾಗೆ ಇಂಗಾಗಾಕಿಲ್ಲ."

ಅಷ್ಟಕ್ಕೇ ನಿಲ್ಲಿಸಿದ್ರೆ ನಾನೂ ನುಂಗ್ಕೊಂತಿದ್ದೆ. ಡೈರಿ ತಾವ ಹಾಲು ಹಾಕೋಕೆ ನಿಂತಿದ್ದೋರಿಗೆಲ್ಲ ಹೇಳ್ಕೊಂಡು ಬಂದ್ಲು! ಮಾರನೇ ದಿನ ನಾನು ಕ್ಯಾನು ಹಿಡ್ಕೊಂಡು ಹೋದ್ರೆ ಹೆಂಗಸರು ಒಬ್ಬರ ಮೊಕ ಒಬ್ಬರು ನೋಡ್ಕೊಂಡ್ರು. ಮೈಯೆಲ್ಲ ಉರಿದೋಯ್ತು. ನಮ್ಮಪ್ಪನ ಒಡಹುಟ್ಟಿದಕ್ಕ ಅವಳು. ನನ್ನ ಎತ್ತಿ ಆಡಿಸಿದೋಳು. ಗಂಡ ಕೆಂಪರಾಜು ಬಿಡದಿ ಫ್ಯಾಕ್ಟರಿ ಬಸ್ಸಿಗೆ ಓಡ್ತಾ, "ಅವ್ವಂಗೆ ಎದುರಾಡಬ್ಯಾಡ ಕಣೆ" ಅಂದ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ ಅಂದ್ಕೊಂಡು ಹಲ್ಲು ಕಚ್ಚಿದೆ.

ಆವತ್ತು ತಿಪ್ಪೆಗೆ ಹಾಕು ಅಂತ ಅತ್ತೆ ಕೊಟ್ಟ ಮರಿ ಇನ್ನೂ ಕಣ್ಣು ಬಿಡ್ತಿತ್ತು. ಹಾಕಲಿಲ್ಲ. ಅಡುಗೆಮನೇಲಿ ಮಂಕರಿಗೆ ಗೋಣಿತಾಟು ಹಾಸಿ ಇಟ್ಕೊಂಡೆ. ಅತ್ತಿತ್ತ ಜಾರೋ ಎರಡು ಕಾಲನ್ನ ಹಳೇ ಸೀರೆಯ ಪಟ್ಟಿಯಿಂದ ಬೆರಳಗಲ ಬಿಟ್ಟು ಜೋಡಿಸಿ ಕಟ್ಟಿದೆ. ಯಾರೂ ಹೇಳಿಕೊಟ್ಟಿದ್ದಲ್ಲ. ಗಂಟೆಗೊಂದ್ಸಲ ಎತ್ತಿ ನಿಲ್ಲಿಸೋದು, ಬೆರಳ ತುದೀಲಿ ನೀರು, ಒಸಿ ಅಕ್ಕಿನುಚ್ಚು. ಕರುಣೆ ಅಂತ ಅಂದ್ಕೋಬ್ಯಾಡಿ, ಅರ್ಧ ಹಟ. ಆದ್ರೆ ಎರಡನೇ ದಿನ ಅದು ನನ್ನ ಅಂಗೈಲೇ ನಿದ್ದೆ ಹೋದಾಗ ಅಳು ಬಂತು.

ನಾಲ್ಕನೇ ದಿನ ಪಟ್ಟಿ ಬಿಚ್ಚಿದೆ. ನಿಂತ್ಕಂತು, ನಡೀತು! ಅದನ್ನ ಹಿಡ್ಕೊಂಡು ಸೀದಾ ಹುಳದ ಮನೆಗೆ ನುಗ್ಗಿದೆ. ಅಷ್ಟೊತ್ತಿಗೆ ಹನ್ನೊಂದು ಉಳಿದಿದ್ದವು, ಆರಕ್ಕೆ ಕಾಲು ನಿಲ್ತಿರಲಿಲ್ಲ.

"ನೋಡತ್ತೆ, ನಾನು ಮುಟ್ಟಿದ ಮರಿ" ಅಂತ ತಟ್ಟೆಗೆ ಬಿಟ್ಟೆ.

ಎರಡು ಹೆಜ್ಜೆ ಇಡೋದರಲ್ಲಿ ಸರ್ರನೆ ಜಾರಿ ಕಾಲು ಎರಡೂ ಅಗಲ ಆದವು. ಮೇಣದ ಕಾಗದದ ಮೇಲೆ ಬೆರಳಿಟ್ಟೆ, ಜಾರ್ತು. ಕಾಗದ ಕಿತ್ತೆಸೆದು ಗೋಣಿ ಹಾಸಿ ಮತ್ತೆ ಬಿಟ್ಟೆ. ಎದ್ದು ನಡೀತು.

"ನನ್ ಮುಟ್ಟಿಂದಲ್ಲ ಕಣತ್ತೆ! ನಿನ್ ಕಾಗದ! ನೀನೇ ಹಾಸಿ ಹಾಸಿ ಕಾಲು ಮುರಿದಿದ್ದು!"

ನಾಲ್ಕು ದಿನದಿಂದ ಮಸೆದಿಟ್ಟಿದ್ದ ಮಾತು. ಸರಿಯಾಗೇ ತಗುಲ್ತು. ಅತ್ತೆ ಬಗ್ಗಿದ್ಲು. ಕಿತ್ತೆಸೆದ ಕಾಗದ ಎತ್ತಿ ಬೆಳಕಿಗೆ ಹಿಡಿದು ನೋಡಿದ್ಲು, ಕೆನ್ನೆಗೆ ಉಜ್ಜಿ ನೋಡಿದ್ಲು. ಗೆದ್ದೆ ಅಂತ ನಿಂತಿದ್ದೋಳಿಗೆ ಯಾಕಾದ್ರೂ ಅಂದ್ನೋ ಅನ್ನಿಸಿಬುಡ್ತು.

"ಬಾ ಅತ್ತೆ, ಆರೂ ಉಳೀತವೆ, ಪಟ್ಟಿ ಕಟ್ಟಾನ. ನೀನು ಹಿಡ್ಕೊ" ಅಂತ ಒಂದು ಮರಿ ಮುಂದಕ್ಕೆ ಹಿಡಿದೆ.

ಅವಳು ಎರಡು ಕೈನೂ ಸೆರಗಿನೊಳಕ್ಕೆ ಎಳ್ಕೊಂಡ್ಲು.

"ನೀನೇ ಹಿಡ್ಕೊಳ್ಳವ್ವ. ನಾನ್ ಮುಟ್ಟಿ ಇನ್ನೊಂದು ಸತ್ರೆ?"